ಕತ್ತರಿಸಿದ ಪ್ಲನೇರಿಯಾ ತುಂಡುಗಳು ಕರಗುವುದೇಕೆ?

ಪ್ಲನೇರಿಯಾ ಎಂಬ ಚಪ್ಪಟೆ ಹುಳುವನ್ನು ಕತ್ತರಿಸಿ ತುಂಡುಗಳನ್ನು ಬೆಳೆಸಲು ನೋಡಿದಾಗ ಬಾಲದ ತುಂಡುಗಳು ಎರಡನೇ ದಿನಕ್ಕೇ ಲೋಳೆಯಾಗಿ ಕರಗಿದವು, ಕಣ್ಣಿನ ಮುಂದಿನ ತುದಿ ಬೆಳೆಯದೆ ಸತ್ತಿತು ಅಂದಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ.

ಆ ತುದಿ ಎಷ್ಟು ಜೋಪಾನ ಮಾಡಿದರೂ ಬೆಳೆಯದು. ಕಳೆದ ಭಾಗವನ್ನು ಮತ್ತೆ ಕಟ್ಟುವುದು ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು; ಕಣ್ಣಿನ ಮುಂದೆಯೂ ಗಂಟಲಕೊಳವೆಯಲ್ಲೂ ಅವು ಇರುವುದಿಲ್ಲ. (ವಿಕಿರಣದಿಂದ ಆಕರಕೋಶಗಳೆಲ್ಲ ಸತ್ತ ಹುಳುವಿಗೆ ಒಂದೇ ಒಂದು ನಿಯೋಬ್ಲಾಸ್ಟ್ ಸೇರಿಸಿ ಹುಳುವನ್ನು ಉಳಿಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೋಶ ಇದ್ದರೆ ಸರಿ, ಇಲ್ಲದಿದ್ದರೆ ಏನೂ ಇಲ್ಲ.)

ಕರಗುವುದಕ್ಕೆ ನನ್ನ ಮೊದಲ ಅನುಮಾನ ಹೊಟ್ಟೆಯ ಮೇಲೆ. ಕತ್ತರಿಸುವ ಹಿಂದಿನ ದಿನ ಲಿವರ್ ತಿನ್ನಿಸಿದ್ದೆ ಎಂದು ನೀವೇ ಬರೆದಿದ್ದೀರಿ. ಕತ್ತರಿಸಿದಾಗ ಆ ಆಹಾರ ಸೋರಿ ಗಾಯದಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಮುಂದಿನ ಸಲ 7 ದಿನ ಉಪವಾಸ ಇಡಿ. ನಲ್ಲಿ ನೀರು ಬೇಡ: ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋದೀತು, ಕ್ಲೋರಮೈನ್ ಹೋಗದು. ಬರೀ ಡಿಸ್ಟಿಲ್ಡ್ ನೀರೂ ಬೇಡ, ಅದರಲ್ಲಿ ಲವಣಗಳಿಲ್ಲ. ಬಾಟಲಿಯ ಚಿಲುಮೆ ನೀರು ಸಾಕು.

ಮಂಜುಗಡ್ಡೆಯ ಮೇಲೆ ತಣ್ಣಗಾದ ಒದ್ದೆ ಫಿಲ್ಟರ್ ಕಾಗದದಲ್ಲಿ ಹುಳು ಚಾಚಿಕೊಂಡಾಗ ಹೊಸ ಬ್ಲೇಡನ್ನು ನೇರವಾಗಿ ಒತ್ತಿ. ಎಳೆದರೆ ಅಂಗಾಂಶ ಹರಿಯುತ್ತದೆ. ತೀರಾ ತೆಳುವಾದ ಚೂರು ಕೆಲವೊಮ್ಮೆ ಎರಡೂ ಕಡೆ ತಲೆ ಬೆಳೆಸಿಕೊಳ್ಳುತ್ತದೆ. ತುಂಡುಗಳನ್ನು ಬೇರೆ ಬೇರೆ ಬಟ್ಟಲಲ್ಲಿ, ಕತ್ತಲಲ್ಲಿ, 20 ಡಿಗ್ರಿಯ ಆಸುಪಾಸಿನಲ್ಲಿಡಿ. ಮರುದಿನವೇ ನೀರು ಬದಲಿಸಿ. ಮೂರನೇ ದಿನದ ಹೊತ್ತಿಗೆ ಬಿಳಿ ಮೊಗ್ಗು, ವಾರದೊಳಗೆ ಕಣ್ಣಿನ ಚುಕ್ಕೆ ಕಾಣಬೇಕು. ಎರಡು ವಾರ ಆಹಾರ ಹಾಕಬೇಡಿ. ಅದಕ್ಕೂ ಮೊದಲೇ ಹಾಕಿದರೆ ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ.