ದನಿ ಚೆನ್ನಾಗಿದೆ ಅಂತಾರೆ, ಡಬ್ಬಿಂಗ್‌ಗೆ ಹೋಗಲಾ?

ಪ್ರಶ್ನೆ: ನಾನು ದಾವಣಗೆರೆಯವಳು, 26 ವರ್ಷ. ಕಾಲೇಜಿನಿಂದಲೂ ನಾಟಕ ಮಾಡ್ತಿದ್ದೇನೆ. ದನಿ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಡಬ್ಬಿಂಗ್ ಕಲಾವಿದೆ ಆಗಿ, ಮುಂದೆ ಡಬ್ಬಿಂಗ್ ನಿರ್ದೇಶಕಿ ಆಗೋ ಆಸೆ. ಕನ್ನಡದಲ್ಲಿ ಇದನ್ನೇ ನಂಬಿ ಬದುಕಬಹುದಾ? ಕೋರ್ಸ್ ಮಾಡಲೇಬೇಕಾ?

ಉತ್ತರ: ದನಿ ಚೆನ್ನಾಗಿರೋದು ಒಳ್ಳೇದೇ, ಆದರೆ ಅದನ್ನ ಸ್ವಲ್ಪ ಹೊತ್ತು ಮರೆತುಬಿಡಿ. ನನ್ನ ಹತ್ತಿರ ಆಡಿಷನ್‌ಗೆ ಬರುವವರೆಲ್ಲ ಒಳ್ಳೇ ದನಿಯವರೇ. ಹೆಡ್‌ಫೋನಿನಲ್ಲಿ ಮೂಲ ಮಾತು ಕೇಳ್ತಾ, ತೆರೆ ಮೇಲಿನ ತುಟಿ ನೋಡ್ತಾ, ಮುಂದಿರೋ ಹಾಳೆಯನ್ನೂ ಓದ್ತಾ, ಆ ಪಾತ್ರ ಎಲ್ಲಿ ಉಸಿರೆಳೆಯುತ್ತೋ ಅಲ್ಲೇ ಉಸಿರೆಳೆದು ಅಳಿ ಅಂದಾಗ ಅರ್ಧ ಜನ ರೇಡಿಯೋ ಜಾಹೀರಾತು ಓದೋಕೆ ಶುರು ಮಾಡ್ತಾರೆ. ನಿಮಗೆ ನಾಟಕದ ಅಭ್ಯಾಸ ಇದೆಯಲ್ಲ, ಅದೇ ಬಂಡವಾಳ. ರಂಗದ ಮೇಲೆ ಕೊನೇ ಸಾಲಿಗೆ ಕೇಳಿಸಬೇಕು, ಇಲ್ಲಿ ಮೈಕ್ ಒಂದು ಗೇಣು ದೂರ, ಅಷ್ಟೇ ವ್ಯತ್ಯಾಸ. ನಾನು ಮೊದಲ ದಿನ ಜೇಬಿನಲ್ಲಿ ಚಿಲ್ಲರೆ ಇಟ್ಕೊಂಡು ಒಳಗೆ ಹೋಗಿ ನಾಲ್ಕು ಟೇಕ್ ಹಾಳು ಮಾಡಿದ್ದೆ. ನೀವು ಬಳೆ ತೆಗೆದಿಡಿ.

ನಿರ್ದೇಶನದ ಗುಟ್ಟು ಇರೋದು ಬರವಣಿಗೆಯಲ್ಲಿ. ಹಿಂದಿಯಲ್ಲಿ ಮಗ 'ಮುಝೇ ಮಾಫ್ ಕರ್ ದೋ, ಮಾ' ಅಂತಾನೆ ಅಂದ್ಕೊಳ್ಳಿ, ಮುಖ ಹತ್ತಿರದಿಂದ ಕಾಣ್ತಿದೆ. 'ನನ್ನನ್ನು ಕ್ಷಮಿಸು ಅಮ್ಮ' ಅಂತ ಬರೆದರೆ ಅರ್ಥ ಸರಿ, ಬಾಯಿ ತಪ್ಪು. ಅವನ ತುಟಿ ಮುಚ್ಚಿ ಶುರುವಾಗುತ್ತೆ, ನಮ್ಮ 'ನ' ತುಟಿ ಸೇರಿಸೋದೇ ಇಲ್ಲ. 'ಮನ್ನಿಸ್ಬಿಡು, ಅಮ್ಮ' ಅಂತ ಕನ್ನಡಿ ಮುಂದೆ ಹೇಳಿ ನೋಡಿ. 'ಮ' ಎದುರು 'ಮ', 'ಮಾಫ್' ಇರೋ ಜಾಗಕ್ಕೆ 'ಬಿ', 'ದೋ' ಅನ್ನುವಾಗ ದುಂಡಗಾಗೋ ತುಟಿಗೆ 'ಡು'. ಕೂತುಬಿಡುತ್ತೆ! ಆದರೆ ಈಗಿನ ಕಾಲದ ಮನೆಯಲ್ಲಿ ಯಾರು 'ಮನ್ನಿಸು' ಅಂತಾರೆ? ಪೌರಾಣಿಕ ಧಾರಾವಾಹಿಗೆ ನಡೆಯುತ್ತೆ, ಬೆಂಗಳೂರಿನ ಫ್ಲ್ಯಾಟಿನ ಕಥೆಗೆ ಒಪ್ಪಲ್ಲ. ಅಂಥ ಕಡೆ ನಾನು ತುಟಿ ಸ್ವಲ್ಪ ತಪ್ಪಿದರೂ ಪರವಾಗಿಲ್ಲ ಅಂತ 'ತಪ್ಪಾಯ್ತಮ್ಮ' ಅಂತಲೇ ಇಡ್ತೇನೆ. ಪಾತ್ರ ಬೆನ್ನು ತಿರುಗಿಸಿದ್ದರೆ ಚಿಂತೆಯೇ ಇಲ್ಲ. ಎಲ್ಲಿ ತುಟಿ, ಎಲ್ಲಿ ಭಾಷೆ ಅನ್ನೋ ಈ ತೀರ್ಮಾನ ದಿನಕ್ಕೆ ನೂರು ಸಲ ಮಾಡೋದೇ ಡಬ್ಬಿಂಗ್ ನಿರ್ದೇಶಕರ ಕೆಲಸ. ಹಾಗಾಗಿ ದನಿ ಕೊಡ್ತಾ ಕೊಡ್ತಾ ಮಾತು ಬರೆಯೋದನ್ನೂ ಕಲಿಯಿರಿ. ಬರೆಯೋರು ಕಡಿಮೆ ಇದ್ದಾರೆ.

ಬದುಕಿನ ವಿಷಯ. ಕನ್ನಡ ಚಿತ್ರಗಳಿಗೆ ದನಿ ಕೊಡೋ ಕೆಲಸ ಮೊದಲಿನಿಂದಲೂ ಇತ್ತು, ಬೇರೆ ಭಾಷೆಯದನ್ನ ಕನ್ನಡಕ್ಕೆ ತರೋಕೆ ಮಾತ್ರ ದಶಕಗಳ ಕಾಲ ಅಘೋಷಿತ ತಡೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಗಾಗಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡ ಮಾತಾಡ್ತಾ ಮನೆಮನೆಗೆ ಬಂದವು, ನೆನಪಿದೆ ಅಲ್ವಾ? ಕೆಲಸ ಇದೆ, ಆದರೆ ತಿಂಗಳ ಸಂಬಳ ಅಲ್ಲ. ಮೊದಮೊದಲು ಸಂತೆಯ ಗದ್ದಲದಲ್ಲಿ ಒಂದು ದನಿ, ಬಾಗಿಲು ಕಾಯೋನ ಒಂದು ಸಾಲು, ಇಂಥವೇ ಸಿಗೋದು. ಒಂದು ವರ್ಷ ಕೈಯಲ್ಲಿ ಬೇರೆ ಕೆಲಸ ಇರಲಿ.

ಕೋರ್ಸ್ ಕಡ್ಡಾಯ ಅಲ್ಲ. ತೆಲುಗಿನಲ್ಲಿ ಪಿ.ಜೆ. ಶರ್ಮಾ ಡಬ್ಬಿಂಗ್ ಕಲಾವಿದರು, ಮಕ್ಕಳಾದ ಸಾಯಿಕುಮಾರ್, ರವಿಶಂಕರ್ ಕೂಡ ಅದೇ ದಾರಿ ಹಿಡಿದರು. 2011ರ 'ಕೆಂಪೇಗೌಡ'ದಲ್ಲಿ ಆರ್ಮುಗಂ ಆಗಿ ನಮ್ಮನ್ನ ನಡುಗಿಸಿದ ರವಿಶಂಕರ್ ಅದಕ್ಕೂ ಮೊದಲು ವರ್ಷಗಟ್ಟಲೆ ಬೇರೆಯವರ ಮುಖಕ್ಕೆ ದನಿಯಾಗಿದ್ದವರು. ನಿಮಗೆ ಮನೆಯಲ್ಲಿ ಅಂಥ ಪಾಠ ಇಲ್ಲ, ಸರಿ. ಸ್ಟುಡಿಯೋದಲ್ಲಿ ಸುಮ್ನೆ ಕೂತು ನೋಡೋಕೆ ಬಿಡ್ತೀರಾ ಅಂತ ಕೇಳಿ, ಬಿಡೋರು ಇದ್ದಾರೆ. ಸರ್ಟಿಫಿಕೇಟ್ ಆಸೆಗೆ ದೊಡ್ಡ ಮೊತ್ತ ಕಟ್ಟಬೇಡಿ.

ಇನ್ನೊಂದು, ನೀವು ಕೇಳಿಲ್ಲ ಆದರೂ ಹೇಳ್ತೇನೆ. ಸಹಿ ಹಾಕೋ ಕಾಗದ ಪೂರ್ತಿ ಓದಿ. ನಿಮ್ಮ ದನಿಯನ್ನ ಎಐಗೆ ಕಲಿಸೋಕೆ ಬಳಸಬಹುದು ಅಂತ ಎಲ್ಲೋ ಮೂಲೆಯಲ್ಲಿ ಒಂದು ಸಾಲು ಇದ್ದರೆ ತೆಗೆಸಿ. ತೆಗೆಯಲ್ಲ ಅಂದರೆ ಅದಕ್ಕೆ ಬೇರೆ ದುಡ್ಡು ಕೇಳಿ, ಇಲ್ಲಾಂದ್ರೆ ಎದ್ದು ಬನ್ನಿ.