ಕಲ್ಯಾಣಿಯ ನೀರು ಆಕಾಶಕ್ಕೆ ಹಾರಿದ್ದೇಕೆ?

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಚಿಕ್ಕದೊಂದು ಗೇಮ್ ಮಾಡುತ್ತಿದ್ದೇನೆ. ಅದರಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಕಲ್ಯಾಣಿ ಇದೆ. ನೀರಿನ ಮೇಲ್ಮೈಯನ್ನು 10 ಸೆಂಟಿಮೀಟರ್ ಚೌಕಗಳಾಗಿ ಮಾಡಿದಾಗ ಅಲೆ ಚೆನ್ನಾಗಿಯೇ ಬಂತು. ಇನ್ನೂ ನಯವಾಗಲಿ ಎಂದು ಚೌಕವನ್ನು 2 ಸೆಂಟಿಮೀಟರಿಗೆ ಇಳಿಸಿದೆ. ಕಲ್ಲು ಹಾಕಿದ್ದೇ ತಡ, ನೀರು ಆಕಾಶಕ್ಕೆ ಹಾರಿತು! ಅಲೆಯ ವೇಗ ಸೆಕೆಂಡಿಗೆ 2 ಮೀಟರ್, ಸೆಕೆಂಡಿಗೆ 60 ಫ್ರೇಮ್. ತಪ್ಪೆಲ್ಲಿ?
— ಓದುಗರು, ಸಾಗರ

ಉತ್ತರ: ಅಲೆಯ ಪ್ರಶ್ನೆ ಸಾಗರದಿಂದಲೇ ಬಂದಿದೆ, ಬಿಡೋಕಾಗುತ್ತಾ! ಕೋಡ್ ತಪ್ಪಿಲ್ಲ, ಗಾಬರಿ ಬೇಡ. ನಾನು ಮೊದಲ ಸಲ ನೀರು ಮಾಡಿದಾಗಲೂ ಪರದೆಯ ಮೇಲೆ ಮುಳ್ಳುಹಂದಿ ಎದ್ದು ನಿಂತಿತ್ತು. ಒಂದು ಚೌಕ ಮೇಲೆ, ಪಕ್ಕದ್ದು ಕೆಳಗೆ, ಪ್ರತಿ ಫ್ರೇಮಿಗೂ ಮುಳ್ಳು ಇನ್ನಷ್ಟು ಉದ್ದ.

ಪ್ರತಿ ಚೌಕ ತನ್ನ ನಾಲ್ಕು ನೆರೆಯವರ ಎತ್ತರ ನೋಡುತ್ತದೆ. ತಾನು ತಗ್ಗಿನಲ್ಲಿದ್ದರೆ ಮೇಲಕ್ಕೆ, ಎತ್ತರದಲ್ಲಿದ್ದರೆ ಕೆಳಕ್ಕೆ ಎಳೆಸಿಕೊಳ್ಳುತ್ತದೆ. ಇಷ್ಟೇ ಲೆಕ್ಕ. ಆದರೆ ಅದಕ್ಕೆ ಕಾಣುವುದು ಪಕ್ಕದ ಮನೆ ಮಾತ್ರ. ಒಂದು ಹೆಜ್ಜೆಯಲ್ಲಿ, ಅಂದರೆ ಒಂದು ಸಲದ ಲೆಕ್ಕದಲ್ಲಿ (ನಿಮ್ಮಲ್ಲಿ ಫ್ರೇಮಿಗೊಂದು), ಅಲೆ ಚೌಕದ ಸುಮಾರು 0.7 ಭಾಗಕ್ಕಿಂತ ಜಾಸ್ತಿ ಓಡಿದರೆ ಚೌಕ ಅಗತ್ಯಕ್ಕಿಂತ ಹೆಚ್ಚು ಎಳೆಸಿಕೊಂಡು ಆಚೆ ಬದಿಗೆ ಜಿಗಿಯುತ್ತದೆ. ಮುಂದಿನ ಸಲ ಇನ್ನೂ ದೊಡ್ಡ ಜಿಗಿತ.

ನಿಮ್ಮ ಅಲೆ ಒಂದು ಫ್ರೇಮಿನಲ್ಲಿ 3.3 ಸೆಂಟಿಮೀಟರ್ ಹೋಗುತ್ತದೆ. 10ರ ಚೌಕದಲ್ಲಿ ಮಿತಿ 7, ಹಾಗಾಗಿ ತೊಂದರೆ ಇರಲಿಲ್ಲ. 2ರ ಚೌಕದಲ್ಲಿ ಮಿತಿ 1.4. ಮುಗೀತಲ್ಲ ಕಥೆ! ಒಂದು ಫ್ರೇಮಿಗೆ ಲೆಕ್ಕವನ್ನು ಮೂರು ಸಣ್ಣ ಹೆಜ್ಜೆಗಳಲ್ಲಿ ಮಾಡಿ. ಆಗ ಹೆಜ್ಜೆಗೆ 1.1 ಬರುತ್ತದೆ. ಚೌಕಗಳು 2,500 ಇದ್ದದ್ದು 62,500 ಆಗಿವೆ ನಿಜ, ಆದರೆ ಗ್ರಾಫಿಕ್ಸ್ ಕಾರ್ಡಿಗೆ ಇದೇನೂ ಭಾರವಲ್ಲ.

ಹಾಗೆ ಮಾಡಿದರೂ ನೀರು ಸ್ವಲ್ಪ ರಬ್ಬರ್ ಹಾಳೆಯಂತೆ ಕಾಣಬಹುದು. ಈ ಲೆಕ್ಕದಲ್ಲಿ ದೊಡ್ಡ ಅಲೆ, ಚಿಕ್ಕ ಅಲೆ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ವೇಗ. ಆಳದ ಕಡಲಿನಲ್ಲಿ ಹಾಗಲ್ಲ: ಒಂದು ಶಿಖರದಿಂದ ಮುಂದಿನ ಶಿಖರಕ್ಕೆ 100 ಮೀಟರ್ ಉದ್ದದ ಅಲೆ ಸೆಕೆಂಡಿಗೆ ಸುಮಾರು 12.5 ಮೀಟರ್ ಓಡುತ್ತದೆ, 1 ಮೀಟರಿನದು 1.25 ಮೀಟರ್ ಅಷ್ಟೇ. 1997ರ 'ಟೈಟಾನಿಕ್' ಚಿತ್ರದ ಕಂಪ್ಯೂಟರ್ ಕಡಲಿಗೆ ಗ್ರಾಫಿಕ್ಸ್ ತಜ್ಞ ಜೆರ್ರಿ ಟೆಸೆಂಡಾರ್ಫ್ ಅವರ ವಿಧಾನ ಬಳಸಿದ್ದರು. ಅದರಲ್ಲಿ ಬೇರೆ ಬೇರೆ ಉದ್ದದ ಸಾವಿರಾರು ಅಲೆಗಳನ್ನು, ಒಂದೊಂದಕ್ಕೂ ಅದರದೇ ವೇಗ ಕೊಟ್ಟು, ಕೂಡಿಸುತ್ತಾರೆ. ಕಲ್ಯಾಣಿಗೆ ಅಷ್ಟೆಲ್ಲ ಬೇಡ. ಕಲ್ಲು ಎಲ್ಲಿ ಬಿತ್ತೋ ಅಲ್ಲಿಂದ ಉಂಗುರ ಏಳಬೇಕು, ಮೆಟ್ಟಿಲಿಗೆ ಬಡಿದು ವಾಪಸ್ ಬರಬೇಕು, ಅಲ್ವಾ? ಅದಕ್ಕೆ ನಿಮ್ಮ ಚೌಕಗಳೇ ವಾಸಿ.

ಒಂದು ಮಾತು ಮರೆತಿದ್ದೆ. ಅಲೆ ತಣ್ಣಗಾಗಲೆಂದು ಪ್ರತಿ ಹೆಜ್ಜೆಗೂ ಚೌಕದ ಏರಿಳಿತದ ವೇಗವನ್ನು 0.99ರಿಂದ ಗುಣಿಸುತ್ತಿದ್ದರೆ, ಈಗ ಅದು ಸೆಕೆಂಡಿಗೆ 60ರ ಬದಲು 180 ಸಲ ಆಗುತ್ತದೆ. ಉಂಗುರ ಮೆಟ್ಟಿಲು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. 0.997 ಹಾಕಿ ನೋಡಿ.