ಉಪ್ಪುನೀರಿನ ಅಕ್ವೇರಿಯಂಗೆ ಗುಂಪಾಗಿ ಈಜುವ ಅಪರೂಪದ ಸಣ್ಣ ಮೀನುಗಳು ಎಲ್ಲಿ ಸಿಗುತ್ತವೆ?

ನೀವು ಬರೆದದ್ದು ಇಷ್ಟು: ಚಿಕ್ಕಬಳ್ಳಾಪುರ, ನಾಲ್ಕಡಿ ಟ್ಯಾಂಕ್, ಒಂದು ಜೋಡಿ ಕ್ಲೌನ್ ಮೀನು, ‘ಯಾರ ಮನೆಯಲ್ಲೂ ಇಲ್ಲದಂಥ ಗುಂಪು ಮೀನು ಬೇಕು’ ಎಂಬ ಹಟ. ಊರಿನ ಹೆಸರನ್ನು ಕೋಲಾರ ಎಂದು ತಿದ್ದಿದರೆ ಇದು ಕೆಲವು ವರ್ಷಗಳ ಹಿಂದಿನ ನನ್ನದೇ ಪ್ರಶ್ನೆ. ನನಗೆ ಉತ್ತರವೂ ಸಿಕ್ಕಿತ್ತು, ಮೀನೂ ಸಿಕ್ಕಿತ್ತು. ದುಡ್ಡು ಕೊಡುವವರಿದ್ದರೆ ತರಿಸಿ ಕೊಡುವವರು ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. ಕಷ್ಟವಿರುವುದು ಅಲ್ಲಲ್ಲ.

ನಾನು ಆಸೆಪಟ್ಟದ್ದು ಥ್ರೆಡ್‌ಫಿನ್ ಕಾರ್ಡಿನಲ್, ಶಾಸ್ತ್ರೀಯ ಹೆಸರು ಜೊರಾಮಿಯಾ ಲೆಪ್ಟಕಾಂತ. ಎರಡು ಇಂಚು ದಾಟಿದರೆ ಹೆಚ್ಚು. ಪಾರದರ್ಶಕ ಮೈ, ತಲೆಯ ಹಿಂದೆ ನೀಲಿ ಮತ್ತು ಕಿತ್ತಳೆ ಗೆರೆಗಳು, ಮೊದಲ ಬೆನ್ನುರೆಕ್ಕೆಯಿಂದ ಉದ್ದಕ್ಕೆ ಮೇಲೆದ್ದ ಒಂದು ಎಳೆ. ಹಗಲೆಲ್ಲ ಕವಲು ಹವಳಗಳ ನಡುವೆ ಹಿಂಡುಗಟ್ಟಿ ನಿಂತಿದ್ದು, ಕತ್ತಲಾದ ಮೇಲೆ ಹೊರಟು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ. ವಿಡಿಯೊದಲ್ಲಿ ನೋಡಿದ್ದೆ, ತಲೆ ಕೆಟ್ಟಿತ್ತು.

ಅಂಗಡಿಯವರೊಬ್ಬರು ಒಂದು ಡಜನ್ ತರಿಸಲು ಒಪ್ಪಿದರು. ಮೀನು ಹೊರದೇಶದಿಂದ ವಿಮಾನದಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ರಾತ್ರಿ ರಸ್ತೆಯಲ್ಲಿ ಬೆಂಗಳೂರಿಗೆ ಹೋಯಿತು. ಅಂದರೆ ಮುಳಬಾಗಿಲು ದಾಟಿ ನಮ್ಮ ಊರಿನ ಪಕ್ಕದ ಹೆದ್ದಾರಿಯಲ್ಲೇ ಹೋಯಿತು. ಮರುದಿನ ನಾನು ಬೆಂಗಳೂರಿಗೆ ಹೋಗಿ ಅದೇ ಹೆದ್ದಾರಿಯಲ್ಲಿ ವಾಪಸು ತಂದೆ. ಕೊಡುವಾಗ ಅಂಗಡಿಯವರು, ‘ಚೀಲವನ್ನು ಬಿಚ್ಚಿಯೇ ಇಲ್ಲ, ಬಂದದ್ದು ಬಂದ ಹಾಗೆ ಕೊಡುತ್ತಿದ್ದೇನೆ’ ಎಂದರು. ಮೀನಿಗೆ ಒಂದು ಸಲದ ಕಾಟ ತಪ್ಪಿತಲ್ಲ ಎಂದು ನಾನು ಹಿಗ್ಗಿದೆ. ಆ ಮಾತಿಗೆ ಹಿಗ್ಗುವ ಬದಲು ಹೆದರಬೇಕಿತ್ತು.

ಮನೆಗೆ ಬಂದವನು ಎಲ್ಲರೂ ಹೇಳುವ ಹಾಗೆಯೇ ಮಾಡಿದೆ. ಚೀಲ ಬಿಚ್ಚಿ, ಮೀನನ್ನು ಅದರದೇ ನೀರಿನೊಂದಿಗೆ ಬಕೆಟ್ಟಿಗೆ ಸುರಿದು, ಟ್ಯಾಂಕಿನ ನೀರನ್ನು ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಬಿಟ್ಟೆ. ಒಳ್ಳೆಯದಾಗಲಿ ಎಂದು ಗುಳ್ಳೆ ಎಬ್ಬಿಸುವ ಗಾಳಿಯ ಕಲ್ಲನ್ನೂ ಹಾಕಿದೆ. ಸ್ವಲ್ಪ ಹೊತ್ತಿಗೆ ಮೀನುಗಳು ಜೋರಾಗಿ ಉಸಿರಾಡತೊಡಗಿದವು, ಒಂದೆರಡು ಮಗ್ಗುಲಾದವು. ನಾನು ಅವಸರ ಮಾಡುತ್ತಿದ್ದೇನೆ ಎಂದುಕೊಂಡು ಹನಿಯನ್ನು ಇನ್ನೂ ನಿಧಾನ ಮಾಡಿದೆ. ಅವು ಸಾಯುತ್ತಿದ್ದದ್ದು ಆ ನಿಧಾನದಿಂದಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಇಡೀ ಉತ್ತರದಲ್ಲಿ ನಿಮ್ಮ ದುಡ್ಡು ಉಳಿಸುವ ಭಾಗ ಇದೊಂದೇ.

ಕಟ್ಟಿದ ಚೀಲದೊಳಗೆ ಮೀನು ಎರಡನ್ನು ಬಿಡುತ್ತಿರುತ್ತದೆ: ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯ. ಎರಡೂ ಕಿವಿರಿನ ಮೂಲಕವೇ ಹೊರಬರುತ್ತವೆ, ಹೋಗಲು ದಾರಿಯಿಲ್ಲದೆ ನೀರಿನಲ್ಲೇ ಸೇರುತ್ತವೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ನೀರು ಆಮ್ಲೀಯವಾಗುತ್ತದೆ. ಸಮುದ್ರದ ನೀರಿನ ಪಿಎಚ್ ಸಾಮಾನ್ಯವಾಗಿ 8.1, 8.2ರ ಆಸುಪಾಸು; ದೂರದ ಪ್ರಯಾಣದ ಚೀಲದಲ್ಲಿ ಅದು 7ರ ಹತ್ತಿರಕ್ಕೆ ಇಳಿದಿರಬಹುದು. ವಿಚಿತ್ರವೆಂದರೆ ಆ ಕೆಟ್ಟ ನೀರೇ ಮೀನನ್ನು ಕಾಪಾಡುತ್ತಿರುತ್ತದೆ. ಪಿಎಚ್ ಕಡಿಮೆಯಿದ್ದಾಗ ಅಮೋನಿಯದ ಬಹುಪಾಲು ಅಮೋನಿಯಮ್ ಅಯಾನಿನ ರೂಪದಲ್ಲಿರುತ್ತದೆ, ಅದು ಕಿವಿರನ್ನು ಸುಲಭವಾಗಿ ದಾಟಿ ರಕ್ತಕ್ಕೆ ಹೋಗುವುದಿಲ್ಲ. ಚೀಲ ಬಿಚ್ಚಿದಿರೋ, ಗೋಲಿ ಸೋಡಾದ ಗೋಲಿ ಒತ್ತಿದಂತೆ: ಅನಿಲ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಅಮೋನಿಯ ಮಾತ್ರ ಅಲ್ಲೇ ಉಳಿಯುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯದ ವಿಷರೂಪ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ನನ್ನ ಗಾಳಿಯ ಕಲ್ಲು ಅನಿಲವನ್ನು ಇನ್ನೂ ಬೇಗ ಓಡಿಸಿತು. ಕೊಳವೆಯಿಂದ ಬೀಳುತ್ತಿದ್ದ ಟ್ಯಾಂಕಿನ ನೀರು ಪಿಎಚ್ ಅನ್ನು ಮೇಲೆತ್ತಿತು, ಆದರೆ ಅಮೋನಿಯವನ್ನು ತೆಳುಮಾಡುವಷ್ಟು ಬೇಗ ಬೀಳಲಿಲ್ಲ. ಒಳ್ಳೆಯದೆಂದು ಮಾಡಿದ ಪ್ರತಿಯೊಂದೂ ವಿಷವನ್ನು ಏರಿಸಿತು. ಸತ್ತ ಮೇಲೆ ಬಕೆಟ್ಟಿನ ನೀರನ್ನು ಟೆಸ್ಟ್ ಕಿಟ್‌ನಲ್ಲಿ ನೋಡಿದೆ; ಹಸಿರು ಎಷ್ಟು ಗಾಢವಾಗಿತ್ತೆಂದರೆ ಬಣ್ಣದ ಪಟ್ಟಿಯಲ್ಲಿ ಅದಕ್ಕೆ ಹೊಂದುವ ಚೌಕವೇ ಇರಲಿಲ್ಲ.

ಹನಿ ಹಾಕುವ ಸಲಹೆ ಸುಳ್ಳಲ್ಲ. ಅಂಗಡಿಯ ತೊಟ್ಟಿಯಿಂದ ಹಿಡಿದು ಅರ್ಧ ಗಂಟೆಯಲ್ಲಿ ಮನೆ ಸೇರುವವರಿಗೆ ಅದು ಸರಿ. ಗಂಟೆಗಟ್ಟಲೆ ಕಟ್ಟಿದ ಚೀಲದಲ್ಲಿ ಬಂದ ಮೀನಿಗೆ ಅದು ಸಾವು. ಅಂಥ ಮೀನು ತರುವುದಾದರೆ ಚೀಲದ ನೀರಿನ ಲವಣಾಂಶ ಎಷ್ಟು ಎಂದು ಮೊದಲೇ ಫೋನ್ ಮಾಡಿ ಕೇಳಿ. ಎಷ್ಟೋ ಅಂಗಡಿಗಳು ಉಪ್ಪನ್ನು ಕಡಿಮೆಯೇ ಇಡುತ್ತವೆ. ಪ್ರತ್ಯೇಕ ಕ್ವಾರಂಟೈನ್ ತೊಟ್ಟಿಯನ್ನು ಅದೇ ಲವಣಾಂಶಕ್ಕೆ ಸಿದ್ಧಮಾಡಿಡಿ. ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ಅದರಲ್ಲಿ ತೇಲಿಬಿಡಿ, ಉಷ್ಣತೆ ಸಮವಾಗಲಿ. ಬಿಚ್ಚಿದ ಕ್ಷಣವೇ ಮೀನನ್ನು ಎತ್ತಿ ಒಳಗೆ ಬಿಡಿ, ಚೀಲದ ನೀರನ್ನು ಚೆಲ್ಲಿಬಿಡಿ. ಆವಿಯಾಗುವ ನೀರಿನ ಜಾಗಕ್ಕೆ ಉಪ್ಪುನೀರನ್ನೇ ತುಂಬುತ್ತಾ ಬಂದರೆ ಲವಣಾಂಶ ಕೆಲವು ದಿನಗಳಲ್ಲಿ ತಾನಾಗಿ ಮುಖ್ಯ ಟ್ಯಾಂಕಿನ ಮಟ್ಟಕ್ಕೆ ಏರುತ್ತದೆ.

ಡಜನ್‌ನಲ್ಲಿ ಉಳಿದವು ಬೆರಳೆಣಿಕೆಯಷ್ಟು. ಅವು ಹಿಂಡಾಗಿ ನಿಲ್ಲಲೇ ಇಲ್ಲ, ಪಂಪಿನ ಹಿಂದೆ ಅಡಗಿಕೊಂಡವು. ‘ಊರಿಗೆ ಟ್ಯಾಂಕರ್ ನೀರು, ಇವನ ಮೀನಿಗೆ ಸಮುದ್ರ’ ಎಂದು ನನ್ನ ತಾಯಿ ಹೇಳಿದ್ದಕ್ಕೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ.

ಆ ಮಾತು ಬಂದದ್ದರಿಂದ ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಆಳದ ಕೊಳವೆಬಾವಿಯ ನೀರು ಗಡಸು, ಫ್ಲೋರೈಡ್ ಕಾಟ ಬೇರೆ. ಅದಕ್ಕೆ ಉಪ್ಪು ಕಲಸಿದರೆ ಸಮುದ್ರವಾಗುವುದಿಲ್ಲ. ಆರ್‌ಒ ಫಿಲ್ಟರಿನ ನಂತರ ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಸಾಲ್ಟ್ ಮಿಕ್ಸ್. ಆರ್‌ಒ ಹೊರಹಾಕುವ ನೀರನ್ನು ದಯವಿಟ್ಟು ಚರಂಡಿಗೆ ಬಿಡಬೇಡಿ, ಅಂಗಳ ತೊಳೆಯಲು ಸಾಕು.

ಈಗ ನಿಮ್ಮ ಹಟದ ವಿಷಯ. ‘ಅಪರೂಪ’ದ ಮೀನು ಎಂದರೆ ಹೆಚ್ಚು ಕೈ ದಾಟಿ ಬಂದ, ಹೆಚ್ಚು ಹೊತ್ತು ಚೀಲದಲ್ಲಿ ಕಳೆದ ಮೀನು. ಅದನ್ನು ಕೊಂಡುಕೊಳ್ಳುವುದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ನನಗೆ ಈಗ ಅರ್ಥವಾಗುವುದಿಲ್ಲ. ಬಂಗ್ಗಾಯ್ ಕಾರ್ಡಿನಲ್ ನೋಡಿ. ಇಂಡೊನೇಷ್ಯಾದ ಸುಲವೇಸಿ ಬಳಿಯ ಬಂಗ್ಗಾಯ್ ದ್ವೀಪಗಳದ್ದು. ಅಕ್ವೇರಿಯಂ ವ್ಯಾಪಾರಕ್ಕೆ ಎಗ್ಗಿಲ್ಲದೆ ಹಿಡಿದು ಹಿಡಿದು 2007ರಲ್ಲಿ ಅದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಗೆ ಸೇರಿತು. ಗಂಡು ಮೊಟ್ಟೆಗಳನ್ನು ಬಾಯಲ್ಲೇ ಕಾದು, ಪೂರ್ತಿ ರೂಪುಗೊಂಡ ಮರಿಗಳನ್ನು ಹೊರಬಿಡುತ್ತದೆ. ಹಾಗಾಗಿ ಮನೆಯ ತೊಟ್ಟಿಯಲ್ಲೂ ಮರಿಮಾಡುತ್ತದೆ. ಸಾಕಿ ಬೆಳೆಸಿದ್ದು ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. ಅದನ್ನೂ ಗುಂಪಿಗೆಂದು ತರಬೇಡಿ: ಬೆಳೆದಂತೆ ಒಂದು ಗಂಡು, ಒಂದು ಹೆಣ್ಣು ಜೋಡಿಯಾಗಿ ಉಳಿದವನ್ನು ಬಡಿಯುತ್ತವೆ.

ಗುಂಪಿನ ಕಥೆಯೂ ಇಷ್ಟೇ. ಸಮುದ್ರದಲ್ಲಿ ಇವು ಒಟ್ಟಾಗಿರುವುದಕ್ಕೆ ದೊಡ್ಡ ಕಾರಣ ತಿನ್ನುವವರ ಭಯ. ನಿಮ್ಮ ಟ್ಯಾಂಕಿನಲ್ಲಿ ಆ ಭಯ ಕಳೆದರೆ ಜಗಳಕ್ಕೆ ಪುರುಸೊತ್ತು ಸಿಗುತ್ತದೆ. ಎಲ್ಲರೂ ಮೊದಲು ಕೊಳ್ಳುವ ಹಸಿರು ಕ್ರೋಮಿಸ್ ಇದಕ್ಕೆ ಸಾಕ್ಷಿ: ಬಲವಾದದ್ದು ತೀರಾ ದುರ್ಬಲವಾದದ್ದನ್ನು ಹಿಡಿದು ಕುಟುಕುತ್ತದೆ, ಅದು ಸತ್ತ ಮೇಲೆ ಮುಂದಿನದಕ್ಕೆ ತಿರುಗುತ್ತದೆ. ಜೊತೆಗೆ ಯೂರೊನೀಮಾ ಎಂಬ ಪರಾವಲಂಬಿಯಿಂದ ಮೈಮೇಲೆ ಕೆಂಪು ಹುಣ್ಣಾಗಿ ಸಾಯುವುದೂ ಇದೆ. ಹವಳದ ದಿಬ್ಬಗಳ ಬಣ್ಣದ ಮೀನುಗಳಾದ ಆಂಥಿಯಾಸ್‌ಗಳಲ್ಲಿ ಒಂದು ಗಂಡು, ಹಲವು ಹೆಣ್ಣು. ಗಂಡು ಸತ್ತರೆ ದೊಡ್ಡ ಹೆಣ್ಣೇ ಗಂಡಾಗುತ್ತದೆ. ನೋಡಲು ಸೊಗಸು, ಆದರೆ ದಿನಕ್ಕೆ ಹಲವು ಸಲ ಊಟ ಹಾಕಬೇಕು. ಕೆಲಸಕ್ಕೆ ಹೋಗುವವರಿಗೆ ಬೇಡ.

ಇಷ್ಟಾದರೂ ಬೇಕೆನ್ನುವಿರಾದರೆ ಸಣ್ಣ ಕಾರ್ಡಿನಲ್‌ಗಳೇ ವಾಸಿ. ಒಂದೇ ಸರಕಿನವು, ಒಂದೇ ಅಳತೆಯವು, ಎಲ್ಲವೂ ಒಂದೇ ದಿನ ಟ್ಯಾಂಕಿಗೆ. ಈಗ ಐದು, ಮುಂದಿನ ತಿಂಗಳು ಐದು ಎಂಬ ಲೆಕ್ಕ ಬೇಡ. ಮುಂಗಡ ಕೊಟ್ಟು ವಾರವಾದರೂ ಅಂಗಡಿಯಲ್ಲೇ ಇರಿಸಿ, ನಿಮ್ಮ ಕಣ್ಣೆದುರು ತಿಂದ ಮೇಲೆ ತನ್ನಿ. ಒಣ ಆಹಾರವನ್ನು ಮೊದಲು ಮೂಸಿಯೂ ನೋಡುವುದಿಲ್ಲ. ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಗಾಳಿ ಬಿಟ್ಟು ಇಟ್ಟರೆ ಒಂದೂವರೆ ದಿನದೊಳಗೆ ಮರಿ ಸಿಗುತ್ತದೆ, ಸಂಜೆ ದೀಪ ತಗ್ಗಿಸಿ ಅದನ್ನು ಹಾಕಿ. ಅಡಗಲು ಕವಲು ಬೇಕೆಂದು ಯಾರಾದರೂ ರಾಮೇಶ್ವರದ ಕಡೆಯ ಹವಳ ತಂದುಕೊಡುತ್ತೇನೆ ಎಂದರೆ ಒಪ್ಪಬೇಡಿ: ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸಿರಾಮಿಕ್ ಕೊಂಬೆಗಳಿಗೂ ಮೀನು ಒಗ್ಗಿಕೊಳ್ಳುತ್ತದೆ. ಕರೆಂಟ್ ಹೋದಾಗ ತಾನಾಗಿ ಓಡುವ ಬ್ಯಾಟರಿ ಏರ್ ಪಂಪ್ ಇಲ್ಲದೆ ಮೀನಿನ ಮಾತೇ ಎತ್ತಬೇಡಿ.

ನಿಮ್ಮ ಜಾಗದಲ್ಲಿ ಈಗ ನಾನಿದ್ದರೆ? ಆ ಕ್ಲೌನ್ ಜೋಡಿ ಮೊಟ್ಟೆ ಇಡುವವರೆಗೆ ಕಾಯುತ್ತಿದ್ದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನೂ ಡ್ಯಾಮ್ಸೆಲ್‌ಗಳನ್ನೂ ಹ್ಯಾಚರಿಯಲ್ಲಿ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕ್ಲೌನ್ ಮರಿ ಮಾಡಿಸಿದರೆ ಅದಲ್ಲವೇ ಯಾರ ಮನೆಯಲ್ಲೂ ಇಲ್ಲದ್ದು?

ಇನ್ನೊಂದು. ‘ಅಗ್ಗದ ಗುಂಪು ಮೀನು’ ಎಂದು ಕಪ್ಪು ಮೈಯ ಬಿಳಿ ಪಟ್ಟೆಯ ಬೆಕ್ಕುಮೀನಿನ ಮರಿಗಳನ್ನು ಅಂಗಡಿಯಲ್ಲಿ ತೋರಿಸುತ್ತಾರೆ, ಪ್ಲೋಟೋಸಸ್ ಲೀನಿಯೇಟಸ್. ಒಂದಕ್ಕೊಂದು ಅಂಟಿಕೊಂಡು ಉರುಳುತ್ತಾ ಈಜುವುದನ್ನು ನೋಡಿದರೆ ನೀವು ಖಂಡಿತ ಮರುಳಾಗುತ್ತೀರಿ. ಅವು ಒಂದಡಿ ಬೆಳೆಯುತ್ತವೆ, ಬೆಳೆದ ಮೇಲೆ ಆ ಗುಂಪೂ ಉಳಿಯುವುದಿಲ್ಲ, ಅವುಗಳ ಬಾಯಲ್ಲಿ ಹಿಡಿಸುವಷ್ಟು ಸಣ್ಣ ಬೇರೆ ಮೀನೂ ಉಳಿಯುವುದಿಲ್ಲ. ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳ ಮುಳ್ಳಿನಲ್ಲಿ ವಿಷವಿದೆ. ಆಗಲೇ ತಂದಿದ್ದರೆ ಬಲೆಯಲ್ಲಿ ಹಿಡಿಯಬೇಡಿ, ಮುಳ್ಳು ಸಿಕ್ಕಿಕೊಳ್ಳುತ್ತದೆ, ಡಬ್ಬಿಯಲ್ಲಿ ಹಿಡಿಯಿರಿ. ಚುಚ್ಚಿದರೆ ಸಹಿಸುವಷ್ಟು ಬಿಸಿಯ ನೀರಿನಲ್ಲಿ ಕೈ ಇಟ್ಟುಕೊಂಡು, ಆಮೇಲೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.